ಮುದುಕಿ ಎದ್ದಿಲ್ಲ

ಬೆಳಿಗ್ಗೆ ಏಳು ಗಂಟೆಗೆ ಫೋನು ಬಡಿದುಕೊಂಡಿತು.

"ಮುದುಕಿ ಎದ್ದಿಲ್ಲ," ಎಂದಳು ಯೋರ್ದಿಸ್.

"ಯಾವ ಮುದುಕಿ?"

"ನಿನ್ನ ಅಜ್ಜಿ! ಬೇಗ ಬಾ ಮಾರಾಯ. ಹನ್ನೊಂದಕ್ಕೆ ಚರ್ಚಲ್ಲಿ ನಾಮಕರಣ ಉಂಟು. ನಾನು ಹೋಗದಿದ್ರೆ ಆರ್ಗನ್ ನೀನು ಬಾರಿಸ್ತೀಯಾ?"

ಮುದುಕಿ ಎಂದರೆ ಅವಳ ಕಾರು. ಮೂವತ್ತಾರು ವರ್ಷದ ಕೆಂಪು ಕಾರು. ಕೆಂಪು ಎಂಬುದು ಈಗ ಬಾಗಿಲುಗಳಿಗೆ ಮಾತ್ರ ಅನ್ವಯಿಸುವ ಮಾತು. ಉಳಿದ ಕಡೆ ಬಣ್ಣವನ್ನು ಸಮುದ್ರದ ಉಪ್ಪು ತಿಂದು ಯಾವುದೋ ಕಾಲವಾಗಿದೆ. ನಮ್ಮ ಸ್ಕಾರ್ವೊಯ್ ದ್ವೀಪದಲ್ಲಿ ಎಲ್ಲರೂ ಅದನ್ನು ಮುದುಕಿ ಎಂದೇ ಕರೆಯುವುದು. ಯೋರ್ದಿಸ್‌ಗೂ ಎಪ್ಪತ್ತಾಯಿತು, ಆದ್ದರಿಂದ ನಾನು ದಿನವೂ "ಯಾವ ಮುದುಕಿ?" ಎಂದು ಕೇಳುತ್ತಿದ್ದೆ, ಅವಳು ದಿನವೂ ಬೈಯುತ್ತಿದ್ದಳು. ನಮ್ಮ ಉತ್ತರದ ಕಡೆ ಬೈಗುಳ ಎಂದರೆ ಅಡುಗೆಗೆ ಉಪ್ಪು ಇದ್ದ ಹಾಗೆ. ಯಾರಾದರೂ ಬೈಯದೆ ಮಾತಾಡಿಸಿದರೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ವಿಚಾರಿಸುತ್ತೇವೆ.

ನಾನು ಸಿವರ್ತ್. ಈ ದ್ವೀಪಕ್ಕೂ ಆಚೆ ದಡಕ್ಕೂ ಓಡಾಡುವ ಫೆರಿಯ ಇಂಜಿನ್ ಕೋಣೆಯಲ್ಲಿ ನಲವತ್ತೊಂದು ವರ್ಷ ಕಳೆದವನು. ಇಂಜಿನ್ ಕೆಮ್ಮಿದರೆ ಯಾವ ಸಿಲಿಂಡರಿನ ಕೆಮ್ಮು ಎಂದು ಊಟದ ಮೇಜಿನಿಂದಲೇ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಂಡು ಬದುಕಿದವನು. ಅಂಥ ನನಗೆ ಒಂದು ಹಳೆಯ ಕಾರು ಏಕೆ ಸ್ಟಾರ್ಟ್ ಆಗುವುದಿಲ್ಲ ಎಂದು ಒಂದು ವಾರವಾದರೂ ಗೊತ್ತಾಗಿರಲಿಲ್ಲ. ಊರೆಲ್ಲ ನಗುತ್ತಿತ್ತು.

ನಗುವುದಕ್ಕೆ ಕಾರಣವೂ ಇತ್ತು. ಮುದುಕಿ ಚಳಿಗಾಲದಲ್ಲಿ ಹಟ ಮಾಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಜನವರಿಯಲ್ಲಿ ಸೂರ್ಯ ಮುಖ ತೋರಿಸದೆ, ಹಿಮ ಬಾಗಿಲಿನ ಎತ್ತರಕ್ಕೆ ಬಿದ್ದು, ಹೊಸ ಹೊಸ ಕಾರುಗಳೆಲ್ಲ ಗೊರಕೆ ಹೊಡೆಯುತ್ತಿದ್ದಾಗ, ಮುದುಕಿ ಮಾತ್ರ ಕೀ ತಿರುಗಿಸಿದ ತಕ್ಷಣ ಹೂಂ ಎನ್ನುತ್ತಿದ್ದಳು. ಈಗ ಜೂನ್. ಹಗಲೂ ರಾತ್ರಿಯೂ ಬಿಸಿಲು. ಸೂರ್ಯ ಮುಳುಗುವುದನ್ನೇ ಮರೆತು ಸಮುದ್ರದ ಮೇಲೆ ಉರುಳಾಡುತ್ತಿದ್ದಾನೆ. ಇಂಥ ಹಿತವಾದ ಕಾಲದಲ್ಲಿ ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಎಂಬ ಒಂದು ಸದ್ದು, ಅಷ್ಟೇ. ಬ್ಯಾಟರಿಯಲ್ಲಿ ಹನಿ ಕರೆಂಟೂ ಇರುತ್ತಿರಲಿಲ್ಲ.

ಅಂದೂ ನನ್ನ ವ್ಯಾನು ಹತ್ತಿ ಹೋದೆ. ಮೂರು ಕಿಲೋಮೀಟರು ದಾರಿ. ಯೋರ್ದಿಸ್ ಚರ್ಚಿಗೆ ಹೋಗುವ ಕಪ್ಪು ಲಂಗ ತೊಟ್ಟು, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು.

"ಬಂದ್ರು ಡಾಕ್ಟ್ರು," ಎಂದಳು. "ಇವತ್ತು ಎಂತ ರೋಗ ಅಂತ ಹೇಳ್ತಾರೋ."

"ಡೈನಮೋ ಇರ್ಬೇಕು."

"ಸೋಮವಾರ ಬ್ಯಾಟರಿ ಅಂದಿ. ನಿನ್ನ ದೋಣಿಯ ಬ್ಯಾಟರಿ ತಂದು ಹಾಕಿದಿ. ಅದೂ ಸತ್ತಿತು. ಬುಧವಾರ ಸ್ಟಾರ್ಟರ್ ಅಂದಿ. ಬಿಚ್ಚಿ, ಒರೆಸಿ, ಮುದ್ದು ಮಾಡಿ ಹಾಕಿದಿ. ಈಗ ಡೈನಮೋ. ಬಾಕಿ ಎಂತ ಉಂಟು, ಸ್ಟೀರಿಂಗಾ?"

ನಾನು ಕೇಬಲ್ ತೆಗೆದು ನನ್ನ ವ್ಯಾನಿನ ಬ್ಯಾಟರಿಯಿಂದ ಮುದುಕಿಯ ಬ್ಯಾಟರಿಗೆ ಜೋಡಿಸಿದೆ. ಮುದುಕಿ ಕೆಮ್ಮಿ, ನಡುಗಿ, ಎದ್ದಳು.

"ಅರ್ಧ ಗಂಟೆ ಹೀಗೇ ಓಡ್ಲಿ," ಎಂದೆ. "ಬ್ಯಾಟರಿಗೆ ಸ್ವಲ್ಪ ಜೀವ ಬರ್ಲಿ."

"ಹಾಗಾದ್ರೆ ಒಳಗೆ ಬಾ. ಕಾಫಿ ಉಂಟು."

ಇದೂ ದಿನದ ಕ್ರಮವೇ ಆಗಿತ್ತು. ಹೊರಗೆ ಮುದುಕಿ ಗೊರಗೊರ ಎನ್ನುತ್ತಿದ್ದರೆ ಒಳಗೆ ಅಡುಗೆಮನೆಯಲ್ಲಿ ನಾವಿಬ್ಬರೂ ಕೂರುತ್ತಿದ್ದೆವು. ಯೋರ್ದಿಸ್ ಹೃದಯದ ಆಕಾರದ ವಾಫೆಲ್ ಎಂಬ ಸಿಹಿ ದೋಸೆ ಸುಟ್ಟು ತಟ್ಟೆಗೆ ಹಾಕುವಳು. ಮೇಲೆ ಕಂದು ಚೀಸಿನ ತೆಳುವಾದ ಹಾಳೆ, ಭಾನುವಾರವಾದರೆ ಜವುಗಿನ ಹಳದಿ ಹಣ್ಣಿನ ಜಾಮು. ಊರಿನ ಸುದ್ದಿ, ಪಾದ್ರಿಯ ಅಪಸ್ವರ, ಯಾರ ದೋಣಿ ಯಾವ ಬಂಡೆಗೆ ತಗುಲಿತು ಎಂಬ ವಿಚಾರ. ಕೆಲವು ದಿನ ಹಲ್ವರನ ಮಾತು ಬರುತ್ತಿತ್ತು. ಕೆಲವು ದಿನ ಬರುತ್ತಿರಲಿಲ್ಲ, ಆಗ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದೆವು.

ಹಲ್ವರ್ ಅವಳ ಗಂಡ. ನನಗೆ ಒಂದನೆಯ ತರಗತಿಯಿಂದ ಗೆಳೆಯ. ಮೀನಿನ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ. ಕಳೆದ ಅಕ್ಟೋಬರಿನಲ್ಲಿ ಸೌದೆ ಒಡೆಯುತ್ತಿದ್ದವನು ಸ್ವಲ್ಪ ಕೂರುತ್ತೇನೆ ಎಂದು ಕೂತ, ಮತ್ತೆ ಏಳಲಿಲ್ಲ. ಮೊದಲೆಲ್ಲ ಪ್ರತಿದಿನ ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದು ನನ್ನ ಕೆಟ್ಟ ಕಾಫಿ ಕುಡಿದು, ಕೆಟ್ಟದಾಗಿದೆ ಎಂದು ಹೇಳಿ ಹೋಗುತ್ತಿದ್ದ. ಅವನು ಹೋದ ಮೇಲೆ ಏಳು ತಿಂಗಳು ಬೆಳಗಿನ ಹೊತ್ತು ನನ್ನ ಜೊತೆ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ನಾನು ಮದುವೆಯಾದವನಲ್ಲ. ಹಾಗಾಗಿ ಮೇ ಹದಿನೇಳರ ರಾಷ್ಟ್ರೀಯ ಹಬ್ಬ ಕಳೆದು ಎರಡು ವಾರಕ್ಕೆ ಮುದುಕಿ ಹಟ ಹಿಡಿದಾಗ ನನಗೆ ಬೇಸರವಾಯಿತು ಎಂದರೆ ಅದು ಶುದ್ಧ ಸುಳ್ಳು.

ಊರಿನವರೆಲ್ಲ ಒಂದೊಂದು ಮದ್ದು ಹೇಳಿದರು. ಅಂಗಡಿಯ ಟೂರುನ್‌ಳದ್ದು ಎಲ್ಲಕ್ಕಿಂತ ಮೇಲಿನದು. ಅವಳು ಬ್ರೆಡ್ಡು ಕಟ್ಟಿಕೊಡುತ್ತ ಹೇಳಿದಳು:

"ನೋಡು ಸಿವರ್ತ್, ನಂಗೆ ಗೊತ್ತುಂಟು ಅದರ ರೋಗ. ನಿದ್ದೆ ಇಲ್ಲ ಅದಕ್ಕೆ."

"ಯಾವುದಕ್ಕೆ?"

"ಬ್ಯಾಟರಿಗೆ. ಇಡೀ ರಾತ್ರಿ ಬಿಸಿಲು. ನಂಗೇ ಮೂರು ಪರದೆ ಹಾಕಿದ್ರೂ ನಿದ್ದೆ ಬರೂದಿಲ್ಲ, ಇನ್ನು ಆ ಮುದುಕಿಗೆ ಬರ್ತದಾ? ಬೆಳಿಗ್ಗೆ ಏಳು ಅಂದ್ರೆ ಎಲ್ಲಿಂದ ಏಳ್ತದೆ?"

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನು ಬ್ರೆಡ್ಡು ಎತ್ತಿಕೊಂಡು ಹೊರಟೆ. ಇಂಜಿನ್ ಬಗ್ಗೆ ಏನೂ ತಿಳಿಯದವರ ಜೊತೆ ವಾದ ಎಂತದು. ಆದರೆ ಅವಳ ಮಾತು ಎಷ್ಟು ಹತ್ತಿರ ಬಂದಿತ್ತು ಎಂದು ಆಮೇಲೆ ತಿಳಿಯಿತು.

ಡೈನಮೋ ಕೂಡ ಸರಿಯಾಗಿಯೇ ಇತ್ತು. ಹಾಗಾದರೆ ಉಳಿದದ್ದು ಒಂದೇ: ಕಾರು ನಿಂತಿರುವಾಗ ಯಾವುದೋ ಒಂದು ಕಳ್ಳ ವಸ್ತು ಸದ್ದಿಲ್ಲದೆ ಕರೆಂಟು ಕುಡಿಯುತ್ತಿದೆ. ಇದನ್ನು ನಾನು ಮೊದಲನೆಯ ದಿನವೇ ಯೋಚಿಸಬೇಕಿತ್ತು. ಯೋಚಿಸಿದ್ದೆ ಕೂಡ. ಬ್ಯಾಟರಿಯ ವೈರು ತೆಗೆದು ಮತ್ತೆ ಮುಟ್ಟಿಸಿದಾಗ ಚಟ್ಟನೆ ಕಿಡಿ ಹಾರಿತ್ತು. ಎಲ್ಲವನ್ನೂ ಆರಿಸಿದ ಕಾರಿನಲ್ಲಿ ಕಿಡಿ ಹಾರಬಾರದು. ಆದರೆ ಮುದುಕಿಯ ಮುಂದೆ ಮುಳ್ಳಿನ ಗಡಿಯಾರವೊಂದಿದೆ, ಅದು ಸ್ವಲ್ಪ ಕರೆಂಟು ಎಳೆಯುತ್ತದೆ ಎಂದು ನಾನೇ ತೀರ್ಪು ಕೊಟ್ಟು ಮುಂದೆ ಹೋಗಿದ್ದೆ. ಗಡಿಯಾರ ನಿಂತು ಒಂಬತ್ತು ವರ್ಷವಾಗಿತ್ತು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೆಚ್ಚು ಬಲ್ಲವನಿಗೆ ಹೆಚ್ಚು ಮಂಪರು ಎನ್ನಬೇಕು, ಅಷ್ಟೇ.

ಮರುವಾರದ ಶನಿವಾರ ಸಂಜೆ ನಾಲ್ಕಕ್ಕೆ ನಾನು ಕರೆಯದೆಯೇ ಹೋದೆ. ಯೋರ್ದಿಸ್ ಬೆಳಿಗ್ಗೆಯೇ ವೃದ್ಧಾಶ್ರಮದಲ್ಲಿ ಪಿಯಾನೋ ಬಾರಿಸಿ ಬಂದು ಕಾರು ನಿಲ್ಲಿಸಿದ್ದಳು. ಉತ್ತರದ ಗಾಳಿಗೆ ಇಂಜಿನ್ ಪೂರ್ತಿ ತಣ್ಣಗಾಗಿತ್ತು. ಬಾನೆಟ್ ಎತ್ತಿ ಒಂದೊಂದೇ ವೈರು ಹಿಡಿದು ನೋಡುತ್ತಿದ್ದಾಗ ಸ್ಪ್ಯಾನರ್ ಕೈಜಾರಿ ಮುಂದಿನ ಜಾಲರಿಯ ಹಿಂದೆ, ಬಂಪರಿನ ಸಂದಿಗೆ ಬಿತ್ತು. ಕಣ್ಣಿಗೆ ಕಾಣದ ಜಾಗ. ಕೈ ತೂರಿಸಿ ತಡಕಾಡಿದೆ.

"ಅಯ್ಯಯ್ಯೋ!"

ಬೆರಳು ಚುರ್ ಎಂದಿತು. ತಣ್ಣಗಿನ ಕಾರಿನಲ್ಲಿ, ತಣ್ಣಗಿನ ಕಬ್ಬಿಣದ ನಡುವೆ, ಏನೋ ಒಂದು ಕೆಂಡದ ಹಾಗೆ ಸುಡುತ್ತಿತ್ತು.

ಹೊಟ್ಟೆಯ ಮೇಲೆ ಮಲಗಿ ಕೆಳಗಿನಿಂದ ಇಣುಕಿದೆ. ಒಂದು ಸಣ್ಣ ತಗಡಿನ ಟೊಪ್ಪಿಗೆ. ಮೀನುಂಡೆಯ ಡಬ್ಬಿ ಕತ್ತರಿಸಿ ಮಾಡಿದ್ದು. ಡಬ್ಬಿಯ ಮೇಲಿನ ನೀಲಿ ಅಕ್ಷರಗಳು ಇನ್ನೂ ಅರ್ಧ ಉಳಿದಿದ್ದವು. ಅದರೊಳಗೆ ಹಳೆಯ ಕಾರಿನ ತಿರುವು ದೀಪದಿಂದ ಕಿತ್ತ ಬಲ್ಬೊಂದು ಉರಿಯುತ್ತಿತ್ತು. ಬೆಳಕು ಆಚೀಚೆ ಹರಡದಂತೆ ಟೊಪ್ಪಿಗೆ ಬಾಗಿಸಿದ್ದರಿಂದ ಅದು ಒಂದೇ ಒಂದು ಕಡೆಗೆ ಬೀಳುತ್ತಿತ್ತು: ಬಂಪರಿನಲ್ಲಿದ್ದ ಇಂಜಿನ್ ಹೀಟರಿನ ಪ್ಲಗ್ಗಿನ ತೂತಿಗೆ. ಸುತ್ತ ಇಷ್ಟು ಬಿಸಿಲಿರುವಾಗ ಆ ಬೆಳಕು ಬೆಳಕಾಗಿಯೇ ಕಾಣುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯುಂಟು. ನಮಗೆ ಕತ್ತಲು ಇಲ್ಲದ್ದಕ್ಕೆ ದೀಪವೇ ಕಂಡಿರಲಿಲ್ಲ.

ಮೀನುಂಡೆಯ ಡಬ್ಬಿ ಎಂದರೆ ಹಲ್ವರ್. ಅವನ ಮನೆಯಲ್ಲಿ ಮೊಳೆ, ಫ್ಯೂಸು, ಬಟನ್, ಗಾಳದ ಕೊಕ್ಕೆ ಎಲ್ಲ ಇರುತ್ತಿದ್ದದ್ದು ಅದೇ ಡಬ್ಬಿಯಲ್ಲಿ. ಅಲ್ಲೇ ಅಂಗಾತ ಮಲಗಿ ಎಲ್ಲವನ್ನೂ ಕೂಡಿಸಿದೆ. ಚಳಿಗಾಲದ ಬೆಳಿಗ್ಗೆ ಎಂದರೆ ಕಾಡಿಗೆಯಂಥ ಕತ್ತಲು. ರಾತ್ರಿಯಿಡೀ ಇಂಜಿನ್ ಬೆಚ್ಚಗಿಡಲು ಅಂಗಳದ ಕರೆಂಟು ಕಂಬದಿಂದ ಕಾರಿಗೆ ವೈರು ಚುಚ್ಚಬೇಕು, ಬೆಳಿಗ್ಗೆ ಕೀಳಬೇಕು. ಕೈಗವಸು ಹಾಕಿದ ಕೈಯಲ್ಲಿ ಟಾರ್ಚು ಹಿಡಿದು ಆ ತೂತು ಹುಡುಕುವುದು ದೊಡ್ಡ ಪೀಡೆ. ಯೋರ್ದಿಸ್‌ಗೆ ಆ ಪೀಡೆ ಬೇಡ ಎಂದು ಅವನು ದೀಪ ಇಟ್ಟಿದ್ದ. ಅದೇ ವೈರಿನ ಮೂಲಕ ಬ್ಯಾಟರಿಗೂ ಕರೆಂಟು ತುಂಬುವ ಏರ್ಪಾಡು ಮಾಡಿದ್ದ. ಹಾಗಾಗಿ ಚಳಿಗಾಲವಿಡೀ ದೀಪ ಉರಿದರೂ ಮುದುಕಿಗೆ ಏನೂ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ವೈರು ಚುಚ್ಚುವುದಿಲ್ಲ. ಆಗ ದೀಪ ಆರಿಸಬೇಕು. ಅದನ್ನು ಮಾಡುತ್ತಿದ್ದವನು ಅವನೇ. ಎದ್ದು ಕಾರಿನೊಳಗೆ ಕೂತು ತಡಕಿದೆ. ಸ್ವಿಚ್ಚು ಸಿಗರೇಟಿನ ಬೂದಿ ಡಬ್ಬಿಯ ಹಿಂದೆ ಅವಿತಿತ್ತು, ಕೈಹಾಕಿದ ಕೂಡಲೇ ಸಿಕ್ಕಿತು.

ಅಕ್ಟೋಬರಿನ ಮೊದಲ ವಾರ ದೀಪ ಹಾಕಿದ್ದಾನೆ. ಮೂರನೆಯ ವಾರ ಹೋಗಿದ್ದಾನೆ. ಮೇ ಕೊನೆಗೆ ಯೋರ್ದಿಸ್ ವೈರು ಚುಚ್ಚುವುದು ನಿಲ್ಲಿಸಿದಾಗ ದೀಪ ಆರಿಸುವವರು ಯಾರೂ ಇರಲಿಲ್ಲ.

ನನ್ನ ಬೆರಳು ಸ್ವಿಚ್ಚಿನ ಮೇಲಿತ್ತು. ಒಂದು ಸಲ ಒತ್ತಿದ್ದರೆ ಕತೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕಿಟಕಿಯಿಂದ ಯೋರ್ದಿಸ್ ಕೂಗಿದಳು.

"ಆಗ ಎಂತ ಬೊಬ್ಬೆ ಅದು? ಸತ್ತಿಯಾ?"

"ಬೆರಳು ಸ್ವಲ್ಪ..."

"ಏನಾದ್ರೂ ಸಿಕ್ತಾ?"

ನನ್ನ ಬಾಯಿಂದ ಬಂದದ್ದು, "ಇಲ್ಲ."

"ಹಾಗಾದ್ರೆ ಒಳಗೆ ಬಾ. ಬೆಣ್ಣೆ ಹಚ್ತೇನೆ. ವಾಫೆಲ್ ಬಿಸಿ ಉಂಟು. ನಾಳೆ ನೋಡಿದ್ರಾಯ್ತು."

ನಾಳೆ ನೋಡಿದರಾಯಿತು ಎಂದು ನಾನೂ ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಏಳಕ್ಕೆ ಫೋನು, ಯಾವ ಮುದುಕಿ, ಬೈಗುಳ, ಕೇಬಲ್, ಕಾಫಿ. ನಾನು ಮಾಡುತ್ತಿದ್ದದ್ದು ಸರಿಯಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಹೇಳಿದ ದಿನವೇ ಫೋನು ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಆಗಸ್ಟ್ ನಡುವೆ ಹೇಗೂ ರಾತ್ರಿಗಳು ಕಪ್ಪಾಗುತ್ತವೆ, ದೀಪ ತಾನಾಗಿ ಕಾಣಿಸುತ್ತದೆ, ಅಲ್ಲಿಯ ತನಕ ಯಾರಿಗೆ ಏನು ನಷ್ಟ ಎಂದು ಸಮಾಧಾನ ಮಾಡಿಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಹಾಗೆ ಹನ್ನೊಂದು ಬೆಳಿಗ್ಗೆ ಕಳೆದವು.

ಹನ್ನೊಂದನೆಯ ದಿನ ಅಂಗಡಿಗೆ ಹೋದರೆ ಟೂರುನ್ ಬಹಳ ಖುಷಿಯಲ್ಲಿದ್ದಳು.

"ಅಂತೂ ನಿಂಗೆ ಬಿಡುಗಡೆ ಆಯ್ತಲ್ಲ ಮಾರಾಯ," ಎಂದಳು.

"ಎಂತದರ ಬಿಡುಗಡೆ?"

"ಗೊತ್ತಿಲ್ವಾ? ನಾಡಿದ್ದು ಶುಕ್ರವಾರ ಬೆಳಗಿನ ಫೆರಿಗೆ ಗುಜರಿ ಲಾರಿ ಬರ್ತದೆ. ಮುದುಕಿಯನ್ನು ಕೊಡ್ತಾಳಂತೆ ಯೋರ್ದಿಸ್. ನನ್ನ ಸಣ್ಣ ಕರೆಂಟು ಕಾರು ಅವಳಿಗೆ."

ನನ್ನ ಕೈಯಲ್ಲಿದ್ದ ಹೆರಿಂಗ್ ಮೀನಿನ ಬಾಟಲಿ ಜಾರುವುದರಲ್ಲಿತ್ತು.

"ಅವಳು ಆ ಕಾರು ಬಿಡೂದಿಲ್ಲ," ಎಂದೆ. "ಅದು ಹಲ್ವರನ ಕಾರು."

"ಅದನ್ನೇ ನಾನೂ ಹೇಳಿದೆ. ಅದಕ್ಕೆ ಅವಳು ಎಂತ ಹೇಳಿದ್ಲು ಗೊತ್ತುಂಟಾ? 'ಪಾಪ ಆ ಸಿವರ್ತ್ ದಿನಾ ಬೆಳಿಗ್ಗೆ ನನಗೋಸ್ಕರ ಹಾಸಿಗೆ ಬಿಟ್ಟು ಓಡಿ ಬರ್ತಾನೆ. ಹೇಳೂದಿಲ್ಲ, ಆದ್ರೆ ಅವನಿಗೆ ಸಾಕಾಗಿದೆ. ಈಚೆಗೆ ಮುಖ ಕೊಟ್ಟು ಮಾತೂ ಆಡೂದಿಲ್ಲ. ಒಂದು ಕಾರಿಗೋಸ್ಕರ ಒಳ್ಳೆ ಮನುಷ್ಯನಿಗೆ ತೊಂದರೆ ಕೊಡ್ಬಾರ್ದು,' ಅಂದ್ಲು. ಹೇಳುವಾಗ ಕಣ್ಣಲ್ಲಿ ನೀರಿತ್ತು."

ಒಳ್ಳೆ ಮನುಷ್ಯ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸುಟ್ಟ ಬೆರಳು ಮುಟ್ಟಿ ನೋಡಿಕೊಂಡೆ. ಮುಖ ಕೊಟ್ಟು ಮಾತಾಡದಿದ್ದದ್ದು ನಿಜ. ಸುಳ್ಳು ಹೇಳಿ ವಾಫೆಲ್ ತಿನ್ನುವವನು ಯಾವ ಮುಖ ಕೊಟ್ಟಾನು? ನನ್ನ ಬೆಳಗಿನ ಕಾಫಿಗಾಗಿ ಅವಳು ಗಂಡನ ಕಾರನ್ನು ಗುಜರಿಗೆ ಕೊಡಲು ಹೊರಟಿದ್ದಳು. ಅದೂ ನನ್ನ ಮೇಲಿನ ಕನಿಕರದಿಂದ. ಅಂದು ನನ್ನ ಬಗ್ಗೆ ನನಗೆ ಹುಟ್ಟಿದ ಅಸಹ್ಯವನ್ನು ಇಂಜಿನ್ ಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ.

ಮರುದಿನ, ಗುರುವಾರ, ಮಧ್ಯಾಹ್ನ ದೋಣಿಗೆ ಹೊದಿಸುವ ದಪ್ಪ ತಾರ್ಪಾಲು ವ್ಯಾನಿಗೆ ಹೇರಿಕೊಂಡು ಹೋದೆ. ಯೋರ್ದಿಸ್ ಕಾರಿನೊಳಗಿನ ಸಾಮಾನುಗಳನ್ನು ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಹಲ್ವರನ ಟೊಪ್ಪಿ, ಹಿಮ ಕೆರೆಯುವ ಬ್ರಷ್ಷು, ಕರಗಿ ಅಂಟಿಕೊಂಡ ಕರ್ಪೂರದ ಮಿಠಾಯಿ.

"ತಾರ್ಪಾಲು ಎಂತಕ್ಕೆ?" ಎಂದಳು. "ಹೆಣಕ್ಕೆ ಹೊದಿಸೂದಕ್ಕಾ?"

"ಒಂದು ತೋರಿಸ್ಲಿಕ್ಕೆ ಉಂಟು. ಕಾರಿನ ಮುಂದೆ ಬಂದು ಮಂಡಿಯೂರು."

"ನಂಗೆ ಎಪ್ಪತ್ತು ವರ್ಷ, ಸಿವರ್ತ್. ಮಂಡಿಯೂರಿದ್ರೆ ಎಬ್ಬಿಸ್ಲಿಕ್ಕೆ ನಿನ್ನ ಕೇಬಲ್ ಬೇಕಾದೀತು."

"ಊರು ಮಾರಾಯ್ತಿ, ಒಂದು ಸಲ!"

ನನ್ನ ದನಿಯಲ್ಲಿ ಏನಿತ್ತೋ, ಅವಳು ಊರಿದಳು. ನಾನು ಪಕ್ಕದಲ್ಲಿ ಕೂತು ಬಾನೆಟ್ಟಿನಿಂದ ನಮ್ಮಿಬ್ಬರ ತಲೆಯ ಮೇಲಕ್ಕೆ ತಾರ್ಪಾಲು ಎಳೆದೆ. ಒಂದೇ ಸಲಕ್ಕೆ ಗವ್ವೆನ್ನುವ ಕತ್ತಲು. ಆರು ವಾರದಲ್ಲಿ ಕಂಡ ಮೊದಲ ಕತ್ತಲು. ಮೀನೆಣ್ಣೆಯ ವಾಸನೆ. ಆ ಕತ್ತಲಲ್ಲಿ, ನಮ್ಮ ಮೂಗಿನ ಮುಂದೆ, ಪ್ಲಗ್ಗಿನ ತೂತಿನ ಮೇಲೆ ಅಂಗೈಯಗಲದ ಹಳದಿ ಬೆಳಕು ಬಿದ್ದಿತ್ತು.

ಯೋರ್ದಿಸ್ ಉಸಿರಾಡುವುದು ಕೇಳುತ್ತಿತ್ತು.

"ಇದು ಚಳಿಗಾಲದ ದೀಪ," ಎಂದಳು. "ಈಗ ಯಾಕೆ ಉರೀತದೆ?"

"ಆರಿಸ್ಲಿಲ್ಲ, ಅದಕ್ಕೆ. ಇದೇ ನಿನ್ನ ಬ್ಯಾಟರಿ ಕುಡೀತಿದ್ದದ್ದು."

"ಆರಿಸೂದಾ? ಇದು ಕಾರಿನ ಜೊತೆಗೇ ಬಂದ ದೀಪ ಅಲ್ವಾ?"

"ಕೈ ಹಾಕಿ ನೋಡು. ಮೆಲ್ಲಗೆ, ಸುಡ್ತದೆ. ಮೇಲಿನ ತಗಡು ಎಂತದು?"

ಅವಳು ಬಗ್ಗಿ ಇಣುಕಿದಳು. ನೀಲಿ ಅಕ್ಷರಗಳು ಕಂಡಿರಬೇಕು.

"ಮೀನುಂಡೆ ಡಬ್ಬಿ," ಎಂದಳು. "ಇಪ್ಪತ್ತೆರಡು ಚಳಿಗಾಲ ಇದರ ಬೆಳಕಲ್ಲಿ ಪ್ಲಗ್ ಹಾಕಿದ್ದೇನೆ. ಒಂದು ದಿನವೂ ಹೇಳ್ಲಿಲ್ಲ, ನಾನು ಮಾಡಿದ್ದು ಅಂತ. 'ನೋಡು, ಕಾರು ಮಾಡಿದವರಿಗೆ ಎಷ್ಟು ಬುದ್ಧಿ ಉಂಟು' ಅಂತ ನಾನು ಹೊಗಳ್ತಿದ್ದೆ. ಹೌದು ಹೌದು ಅಂತ ಗೋಣು ಹಾಕ್ತಿದ್ದ, ಆ ಕತ್ತೆ!"

ಅವಳು ಅತ್ತಳು. ನಾನೂ ಅತ್ತೆ. ತಾರ್ಪಾಲಿನೊಳಗೆ ಯಾರು ನೋಡಬೇಕು.

"ಹೋಗುವ ಮೊದ್ಲು ಅವನೇ ಹಾಕಿದ್ದು," ಎಂದೆ. "ಸ್ವಿಚ್ಚು ಬೂದಿ ಡಬ್ಬಿಯ ಹಿಂದೆ ಉಂಟು. ಆರಿಸ್ಲಾ?"

"ಬೇಡ. ಇರ್ಲಿ ಸ್ವಲ್ಪ."

ಸ್ವಲ್ಪ ಇತ್ತು. ನನ್ನ ಮಂಡಿ ಬೇನೆ ಬಂದು ಮರಗಟ್ಟಿತು. ಆಗಲೇ ಹೊರಗಿನಿಂದ ಒಂದು ದನಿ ಬಂತು.

"ಯೋರ್ದಿಸ್? ಕಾರಿನ ಕೀ ತಂದಿದ್ದೇನೆ..." ಅದು ಟೂರುನ್. ಮಾತು ಅಲ್ಲೇ ನಿಂತಿತು. ತಾರ್ಪಾಲಿನ ಕೆಳಗಿನಿಂದ ನಾಲ್ಕು ಬೂಟುಗಳು ಅಕ್ಕಪಕ್ಕ ಹೊರಚಾಚಿದ್ದು ಅವಳಿಗೆ ಕಂಡಿರಬೇಕು. "ಓ! ಇರ್ಲಿ ಇರ್ಲಿ. ನಾನು ನೋಡ್ಲಿಲ್ಲ. ಮತ್ತೆ ಬರ್ತೇನೆ."

"ಕೀ ವಾಪಸ್ ತಗೊಂಡು ಹೋಗು!" ಎಂದು ಯೋರ್ದಿಸ್ ತಾರ್ಪಾಲಿನೊಳಗಿನಿಂದಲೇ ಕೂಗಿದಳು. "ಲಾರಿಯವನಿಗೂ ಬರ್ಬೇಡ ಅಂತ ಹೇಳು! ಮುದುಕಿ ಎಲ್ಲಿಗೂ ಹೋಗೂದಿಲ್ಲ!"

ಓಡುವ ಹೆಜ್ಜೆಗಳು ಕೇಳಿದವು. ಇನ್ನು ಹತ್ತು ನಿಮಿಷಕ್ಕೆ ಇಡೀ ದ್ವೀಪಕ್ಕೆ ಸುದ್ದಿ ಎಂದು ನನಗೆ ಖಾತ್ರಿಯಾಯಿತು.

ಯೋರ್ದಿಸ್ ತಾರ್ಪಾಲು ಕಿತ್ತೆಸೆದು ಎದ್ದಳು. ಕಾರಿನೊಳಗೆ ಕೂತು ಬೂದಿ ಡಬ್ಬಿಯ ಹಿಂದೆ ಕೈ ಹಾಕಿದಳು. ಟಕ್ ಎಂದಿತು. ಆಮೇಲೆ ಮೂಗು ಒರೆಸಿಕೊಂಡು ನನ್ನ ಸುಟ್ಟ ಬೆರಳಿನ ಕಡೆ ನೋಡಿದಳು. ಗಾಯ ಒಣಗಿ ಸಿಪ್ಪೆ ಏಳುತ್ತಿತ್ತು. ಅವಳು ದಡ್ಡಿಯಲ್ಲ.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಬೆರಳು ಸುಟ್ಟ ದಿನ."

"ಅದು ಕಳೆದು ಹನ್ನೊಂದು ದಿನ ಆಯ್ತು!"

"ಹನ್ನೆರಡು."

"ಹನ್ನೆರಡು ದಿನ! ನಾನು ಅವನ ಟೊಪ್ಪಿ ಬುಟ್ಟಿಗೆ ಹಾಕ್ತಿದ್ದೆ! ಯಾಕೆ?"

ಕಾಫಿಗೆ ಎಂದು ಹೇಳಲು ಬಾಯಿ ಬರಲಿಲ್ಲ. ಆಗ ಯೋರ್ದಿಸ್ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಲವತ್ತೊಂದು ವರ್ಷ ನಾವಿಕರ ನಡುವೆ ಇದ್ದ ನನಗೇ ಅದರಲ್ಲಿ ಎರಡು ಮಾತು ಹೊಸದಾಗಿದ್ದವು. ಚರ್ಚಿನಲ್ಲಿ ಆರ್ಗನ್ ಬಾರಿಸುವವಳು! ತಾರ್ಪಾಲು ಮಡಚಿಕೊಂಡು ಬಾಲ ಮುದುರಿದ ನಾಯಿಯ ಹಾಗೆ ಮನೆಗೆ ಬಂದೆ.

ಶುಕ್ರವಾರ ಏಳಕ್ಕೆ ಫೋನು ಬರಲಿಲ್ಲ. ಶನಿವಾರವೂ ಬರಲಿಲ್ಲ. ಬರಬಾರದು ಸಹ, ಮುದುಕಿ ಸರಿಯಾಗಿದ್ದಾಳಲ್ಲ. ಮುದುಕಿ ಚರ್ಚಿನ ರಸ್ತೆಯಲ್ಲಿ ಬುರ್ರೆಂದು ಹೋದ ಸದ್ದು ನನ್ನ ಮನೆಯ ತನಕ ಕೇಳಿಸಿತು. ಮೂರನೆಯ ಸಿಲಿಂಡರು ಸ್ವಲ್ಪ ತಡವರಿಸುತ್ತಿತ್ತು, ಅಷ್ಟೇ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತೆ. ಜನ ನನ್ನನ್ನೂ ಆರ್ಗನ್ನನ್ನೂ ನೋಡಿ ಮೊಣಕೈ ತಿವಿದುಕೊಂಡರು. ಅವಳು ಕೀರ್ತನೆಯನ್ನು ಎಷ್ಟು ಜೋರಾಗಿ ಓಡಿಸಿದಳೆಂದರೆ ಪಾದ್ರಿ ಎರಡು ಸಾಲು ಹಿಂದೆ ಬಿದ್ದ. ಅವಳ ಸಿಟ್ಟು ಇಳಿದಿಲ್ಲ ಎಂದು ತಿಳಿಯಲು ಸಂಗೀತ ಬಲ್ಲವನಾಗಬೇಕಿರಲಿಲ್ಲ.

ಮನೆಗೆ ಬಂದು ರೇಡಿಯೋ ಹಾಕಿದೆ. ಹವಾಮಾನದ ವರದಿ ಹೇಳುತ್ತಿದ್ದರು. ಆರಿಸಿದೆ. ನಿಜ ಹೇಳುತ್ತೇನೆ, ಹಲ್ವರನನ್ನು ಮಣ್ಣು ಮಾಡಿದ ದಿನಕ್ಕಿಂತ ಅಂದು ಮನೆ ದೊಡ್ಡದಾಗಿ ಕಂಡಿತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಹಾರ್ನ್ ಬಡಿಯಿತು. ನಾನು ಉಣ್ಣೆಯ ಒಳಚಡ್ಡಿಯಲ್ಲಿದ್ದೆ. ಪ್ಯಾಂಟು ಸಿಕ್ಕಿಸಿಕೊಂಡು ಬಾಗಿಲು ತೆರೆಯುವಷ್ಟರಲ್ಲಿ ಯೋರ್ದಿಸ್ ಒಳಗೇ ಬಂದಿದ್ದಳು.

"ಸಿಟ್ಟು ಇಳೀತಾ?" ಎಂದೆ.

"ಇಲ್ಲ. ಇಟ್ಕೊಂಡೇ ಬಂದಿದ್ದೇನೆ." ಕುರ್ಚಿಯ ಮೇಲಿದ್ದ ಬಲೆಯನ್ನು ನೆಲಕ್ಕೆ ಹಾಕಿ ಕೂತಳು. "ಕಾಫಿ ಉಂಟಾ?"

ನನ್ನ ಮನೆಯಲ್ಲಿ ಎರಡು ಲೋಟ. ಒಂದಕ್ಕೆ ಹಿಡಿ ಇಲ್ಲ. ತಿನ್ನಲು ಒಣ ಬ್ರೆಡ್ಡೂ ಹೆರಿಂಗ್ ಮೀನೂ ಬಿಟ್ಟರೆ ಬೇರೆ ಇರಲಿಲ್ಲ. ಅವಳು ಹಿಡಿಯಿಲ್ಲದ ಲೋಟವನ್ನೇ ಎಳೆದುಕೊಂಡು ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಕೆಟ್ಟದಾಗಿದೆ ಅಂತ ಹಲ್ವರ್ ಹೇಳ್ತಿದ್ದ. ಇಷ್ಟು ಕೆಟ್ಟದು ಅಂತ ಹೇಳಿರ್ಲಿಲ್ಲ."

"ಅವನು ಬಹಳ ಹೇಳ್ತಿರ್ಲಿಲ್ಲ."

"ನೀನೂ ಅದೇ ಜಾತಿ," ಎಂದಳು. "ಅವನು ದೀಪ ಇಟ್ಟು ಬಾಯಿ ಬಿಡ್ಲಿಲ್ಲ. ನೀನು ದೀಪ ನೋಡಿ ಬಾಯಿ ಬಿಡ್ಲಿಲ್ಲ. ನಿಂಗೆ ಸಾಕಾಗಿದೆ ಅಂತ ತಿಳ್ಕೊಂಡು ನಾನು ಮೂರು ರಾತ್ರಿ ನಿದ್ದೆ ಮಾಡ್ಲಿಲ್ಲ, ಗೊತ್ತುಂಟಾ? ಕಾಫಿಗೆ ಬರ್ತೇನೆ ಅಂತ ಹೇಳ್ಲಿಕ್ಕೆ ಎಂತ ಆಗಿತ್ತು? ಬಾಯಿಗೂ ಬ್ಯಾಟರಿ ಬೇಕಿತ್ತಾ?"

ನಾನು ಹೆರಿಂಗ್ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಅವಳು ತಿಂದಳು. ಟೂರುನ್ ಊರಿಗೆಲ್ಲ ಏನು ಸಾರಿದ್ದಾಳೆಂದು ಹೇಳಿದಳು; ಕತೆಯಲ್ಲಿ ನಾಲ್ಕು ಬೂಟುಗಳು ಹೋಗಿ ನಾಲ್ಕು ಬರಿಗಾಲು ಆಗಿದ್ದವಂತೆ. ಇಬ್ಬರೂ ನಕ್ಕೆವು. ಲೋಟ ಬರಿದಾಯಿತು.

"ಸರಿ, ಹೊರಟೆ," ಎಂದು ಎದ್ದಳು. "ವೃದ್ಧಾಶ್ರಮದಲ್ಲಿ ಕಾಯ್ತಿರ್ತಾರೆ."

ನಾನು ತಡೆಯಲಿಲ್ಲ. ಏನೆಂದು ತಡೆಯಲಿ? ಕಿಟಕಿಯ ಹತ್ತಿರ ನಿಂತು ನೋಡಿದೆ. ಅವಳು ಕಾರಿನಲ್ಲಿ ಕೂತಳು. ಬಾಗಿಲು ಹಾಕಿಕೊಂಡಳು. ಹೊರಗೆ ಗಾಳಿಯಿರಲಿಲ್ಲ, ಕಿಟಕಿ ತೆರೆದಿತ್ತು. ಒಂದು ನಿಮಿಷ ಹಾಗೇ ಕೂತಿದ್ದು, ಬಾಗಿಲು ತೆರೆದು ಇಳಿದು, ಮತ್ತೆ ಒಳಗೆ ಬಂದಳು.

"ಮುದುಕಿ ಏಳೂದಿಲ್ಲ ಅಂತಾಳೆ," ಎಂದಳು.

ನಾನು ಗಾಬರಿಯಿಂದ ಗೋಡೆಯ ಮೊಳೆಯಲ್ಲಿದ್ದ ಕೇಬಲ್ಲಿಗೆ ಕೈ ಹಾಕಿದೆ. ಹಾಕಿದ ಕೈ ಅಲ್ಲೇ ನಿಂತಿತು. ನಲವತ್ತೊಂದು ವರ್ಷ ಇಂಜಿನ್ ಕೇಳಿದ ಕಿವಿ ನನ್ನದು. ಟಿಕ್ ಎಂಬ ಸದ್ದು ಬಂದಿರಲಿಲ್ಲ. ಕೀ ತಿರುಗಿದ ಸದ್ದೂ ಬಂದಿರಲಿಲ್ಲ.

ತಿರುಗಿ ನೋಡಿದರೆ ಯೋರ್ದಿಸ್ ಕೋಟು ಬಿಚ್ಚಿ ಅದೇ ಕುರ್ಚಿಯಲ್ಲಿ ಕೂತಾಗಿತ್ತು.

"ಯಾವ ಮುದುಕಿ?" ಎಂದೆ.

ಅವಳು ಈ ಸಲ ಬೈಯಲಿಲ್ಲ. ಹಿಡಿಯಿಲ್ಲದ ಲೋಟವನ್ನು ನನ್ನ ಕಡೆ ತಳ್ಳಿದಳು. ನಾನು ಕೇಬಲ್ಲನ್ನು ಮೊಳೆಗೆ ಬಿಟ್ಟು ಕಾಫಿಗೆ ನೀರಿಟ್ಟೆ.